ಹದಿನಾಲ್ಕು ದಿನದ ದಾಸ್ತಾನು

ಜುಲೈ 16, ಭಾನುವಾರ

ನೀರಿನ ಕ್ಯಾನ್ ಆರು, ಇಪ್ಪತ್ತು ಲೀಟರಿನವು. ಐದಕ್ಕೆ ತಾರೀಖು ಬರೆದಾಯಿತು. ಆರನೆಯದರ ಮೇಲೆ ಪೆನ್ನು ಓಡಲಿಲ್ಲ, ತೇವ. ಒರೆಸಿ ಮತ್ತೆ ಬರೆದೆ. ಅಕ್ಕಿ ಹತ್ತು ಕೆಜಿ, ಬೇಳೆ ನಾಲ್ಕು, ಉಪ್ಪು ಎರಡು. ಬೆಂಕಿಪೊಟ್ಟಣ ಹನ್ನೆರಡು, ಗಾಜಿನ ಬಾಟಲಿಯೊಳಗೆ. ಟಾರ್ಚು ಎರಡು, ಸೆಲ್ಲು ಹದಿನಾರು. ಹಿಂದಿನ ಕೋಣೆಯಲ್ಲಿ ಈಗ ನಿಲ್ಲುವುದಕ್ಕೆ ಮಾತ್ರ ಜಾಗ, ಕೂರಲು ಇಲ್ಲ.

ಇದೆಲ್ಲ ಯಾಕೆ ಶುರುವಾಯಿತು ಎಂದು ಬರೆದಿಡಬೇಕು. ನಾಳೆ ನನಗೇ ಮರೆತು, ಏನೋ ದೂರದೃಷ್ಟಿ ಇತ್ತು ಎಂದುಕೊಳ್ಳಬಾರದು.

ಹೋದ ವರ್ಷ ಕಾಲುವೆ ಉಕ್ಕಿದ ಮೇಲೆ ವಾರ್ಡ್ ಆಫೀಸಿನವರು ಮನೆಮನೆಗೆ ಚೀಟಿ ಹಂಚಿದ್ದರು. ಮೂರು ದಿನ ಯಾರೂ ನಿಮ್ಮ ಬಳಿ ಬರಲಾಗದೆ ಇರಬಹುದು, ಅಷ್ಟಕ್ಕೆ ಬೇಕಾದದ್ದು ಮನೆಯಲ್ಲಿ ಇಟ್ಟುಕೊಳ್ಳಿ ಅಂತ. ಸ್ಕೂಲಿನಲ್ಲಿ ಅದನ್ನೇ ಪ್ರಾಜೆಕ್ಟ್ ಮಾಡಿಸಿದರು — ‘ನಮ್ಮ ಮನೆಯ ತುರ್ತು ಕಪಾಟು’. ನನ್ನ ಮಗಳು ಪಿಟೀಲಿಗೆ ಫಸ್ಟ್ ಪ್ರೈಜ್. (ಹುಟ್ಟಿದ ಆರು ತಿಂಗಳು ಒಂದೇ ಶ್ರುತಿಯಲ್ಲಿ ಅತ್ತವಳು. ಹತ್ತು ವರ್ಷವಾದರೂ ನನ್ನ ಬಾಯಲ್ಲಿ ಅದೇ ಹೆಸರು.) ನೋಟಿಸ್ ಬೋರ್ಡಿನ ಮೇಲೆ ಹಾಕಿದ್ದರು. ಹೆಮ್ಮೆಯಿಂದ ನೋಡಲು ಹೋದೆ. ನಮ್ಮ ಕಪಾಟಲ್ಲ. ಅವಳಪ್ಪನ ಮನೆಯ ಟೈಲರಮ್ಮನ ಕಪಾಟು.

ಟೀಚರ್ ನಗುನಗುತ್ತಾ, “ನಿಮ್ಮನೆ ಕಪಾಟು ಎಷ್ಟು ಚೆನ್ನಾಗಿಟ್ಟಿದ್ದೀರಾ ಮೇಡಂ!” ಅಂದರು.

“ಥ್ಯಾಂಕ್ಸ್” ಅಂದೆ. ಇನ್ನೇನು ಹೇಳುವುದು.

ಬಸ್ ಡಿಪೋದ ಸ್ಟೋರಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಫ್ಯಾನ್ ಬೆಲ್ಟ್ ಎಷ್ಟಿದೆ, ಬ್ರೇಕ್ ಲೈನರ್ ಯಾವ ಕಪಾಟಿನ ಎಷ್ಟನೇ ಖಾನೆಯಲ್ಲಿದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಪ್ರತಿ ಖಾನೆಗೂ ಒಂದು ಕಾರ್ಡು — ಬಂದದ್ದು, ಹೋದದ್ದು, ಉಳಿದದ್ದು. ಅಂಥವಳ ಮಗಳು ದಾಸ್ತಾನಿನ ವಿಷಯಕ್ಕೆ ಯಾರೋ ಬಟ್ಟೆ ಹೊಲಿಯುವವಳ ಕಪಾಟಿನ ಚಿತ್ರ ಬರೆದು ಬಹುಮಾನ ತರುತ್ತಾಳೆ. ಹೊಟ್ಟೆಕಿಚ್ಚು ಎನ್ನುವುದು ನಿಜವಾಗಿ ಹೊಟ್ಟೆಯಲ್ಲೇ ಆಗುತ್ತದೆ ಎಂದು ಆವತ್ತು ಗೊತ್ತಾಯಿತು.

ಜುಲೈ 21, ಶುಕ್ರವಾರ. ಸಂಜೆ

ಈ ವಾರ ನನ್ನದು. ಪಿಟೀಲು ಒಂದು ಶುಕ್ರವಾರದಿಂದ ಇನ್ನೊಂದರವರೆಗೆ ಇಲ್ಲಿ, ಆಮೇಲಿನ ಏಳು ದಿನ ಅವಳಪ್ಪನ ಮನೆ. ನಾಲ್ಕು ವರ್ಷದ ಹಿಂದೆ ಬೇರೆಯಾದಾಗ ಆದ ಒಪ್ಪಂದ. ಅಪ್ಪ ಲಾರಿಯ ಮೇಲೆ ತಿಂಗಳಿಗೆ ಇಪ್ಪತ್ತು ದಿನ ಊರಾಚೆ. ಹಾಗಾಗಿ ‘ಅಪ್ಪನ ಮನೆ’ ಅಂದರೆ ಟೈಲರಮ್ಮನ ಮನೆ. ನಾವು ಬೇರೆಯಾಗಿ ಒಂದು ವರ್ಷದ ಮೇಲೆ ಬಂದವಳು. ಗಂಡನನ್ನು ಕಿತ್ತುಕೊಂಡಳು ಎಂದು ಹೇಳುವಂತಿಲ್ಲ. ಹೇಳುವಂತಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು!

ಪಿಟೀಲನ್ನು ಸ್ಕೂಲಿನಿಂದ ಕರೆತಂದು ಸೀದಾ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದೆ. ಬಾಯಿ ಬಿಟ್ಟಳು.

“ಅಮ್ಮಾ, ಇಷ್ಟೊಂದಾ!”

“ಹದಿನಾಲ್ಕು ದಿನಕ್ಕೆ. ಇಬ್ಬರಿಗೆ.”

“ಚಿಕ್ಕಮ್ಮನ ಮನೇಲಿ ಏಳು ದಿನಕ್ಕೆ ಇದೆ.”

ಗೊತ್ತು. ಅದಕ್ಕೇ ಹದಿನಾಲ್ಕು.

ಒಂದು ರಸ್ಕ್ ಪ್ಯಾಕೆಟ್ಟಿಗೆ ಕೈ ಹಾಕಿದಳು. “ಇಂಡೆಂಟ್ ಬರೆದುಕೊಡು, ಕೊಡ್ತೀನಿ” ಅಂದೆ. ಡಿಪೋದಲ್ಲಿ ಮ್ಯಾನೇಜರೇ ಬಂದು ಕೇಳಿದರೂ ಬೇಡಿಕೆಯ ಆ ಚೀಟಿ ಇಲ್ಲದೆ ಒಂದು ವಾಷರ್ ಆಚೆ ಹೋಗುವುದಿಲ್ಲ. ತಮಾಷೆ ಅಂದುಕೊಂಡಳು. ಬರೆದಳು: ‘ಸಾಮಾನು — ರಸ್ಕ್. ಎಷ್ಟು — ಒಂದು. ಕಾರಣ — ಹಸಿವು.’ ಸಹಿ ಹಾಕಿ ಕೊಟ್ಟೆ. ಇಬ್ಬರೂ ನಕ್ಕೆವು. ಇಂಥ ಆಟ ಆ ಮನೆಯಲ್ಲಿ ಇರಲಾರದು.

ಜುಲೈ 29, ಶನಿವಾರ

ನಿನ್ನೆ ಹೋಗುವಾಗ ರೇನ್‌ಕೋಟ್ ಬಿಟ್ಟುಹೋಗಿದ್ದಳು. ಕೊಡುವ ನೆಪ ಸಿಕ್ಕಿತು. ಕಾಲುವೆ ದಾಟಿ ಏರಿನ ಮೇಲೆ ಅವಳ ಮನೆ, ಇಪ್ಪತ್ತು ನಿಮಿಷದ ನಡಿಗೆ. ಮುಂದಿನ ಕೋಣೆಯಲ್ಲಿ ಮೆಷಿನ್ನು, ನೆಲದ ತುಂಬಾ ಚಿಂದಿ. ಅದನ್ನು ನೋಡಿ ಸ್ವಲ್ಪ ಖುಷಿಯಾಯಿತು. ಆಮೇಲೆ ಕಪಾಟು ನೋಡಿದೆ.

ಎಲ್ಲವೂ ಬಟ್ಟೆಯ ಚೀಲದಲ್ಲಿ. ಪ್ರತಿ ಚೀಲದ ಬಾಯಿಗೆ ಗುಂಡಿ ಹೊಲಿದಿದ್ದಾಳೆ. ಅಕ್ಕಿಗೆ ಒಂದು, ಬೇಳೆಗೆ ಎರಡು, ಸಕ್ಕರೆಗೆ ಮೂರು. ಮೇಣದಬತ್ತಿಯ ಚೀಲಕ್ಕೆ ಹುಕ್ಕು. ಔಷಧಿಗೆ ಜಿಪ್ಪು.

“ಕರೆಂಟ್ ಹೋದಾಗ ಕಾರ್ಡ್ ಓದೋಕಾಗಲ್ಲ ನೋಡಿ ಅಕ್ಕಾ. ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗ್ಬೇಕು.”

ಅಕ್ಕ ಅಂತೆ ಅಕ್ಕ. ಯಾವ ತಾಯಿ ಹೆತ್ತಳೋ ಇವಳಿಗೆ ಅಕ್ಕನನ್ನು.

ಮೂರು ಸಲ ಕಾಫಿ ಕುಡಿಯಿರಿ ಎಂದಳು. ಮೂರು ಸಲವೂ ಆಗಲೇ ಆಯಿತು ಎಂದೆ. ದಾರಿಯುದ್ದಕ್ಕೂ ಆ ಗುಂಡಿಗಳೇ ಕಣ್ಣ ಮುಂದೆ. ಹದಿನೆಂಟು ವರ್ಷದಲ್ಲಿ ನನಗೆ ಯಾಕೆ ಹೊಳೆಯಲಿಲ್ಲ? ಡಿಪೋದಲ್ಲೂ ಕರೆಂಟು ಹೋಗುತ್ತದೆ. ಮೈ ಪರಚಿಕೊಳ್ಳುವಂತಾಯಿತು.

ಆಗಸ್ಟ್ 6, ಭಾನುವಾರ

ಹೊಸದಾಗಿ ಬಂದದ್ದು: ಹಾಲಿನ ಪುಡಿ ಆರು, ಸೋಪು ಹತ್ತು, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ ಒಂದು ಡಬ್ಬಿ, ಫಸ್ಟ್ ಏಡ್ ಡಬ್ಬಿ (ಸೀಲ್ ಒಡೆದಿಲ್ಲ), ಇಪ್ಪತ್ತು ಮೀಟರ್ ಹಗ್ಗ, ಸಣ್ಣ ಗ್ಯಾಸ್ ಸ್ಟೋವು. ನಲ್ಲಿಯ ವಾಷರ್ ಬದಲಿಸುವುದನ್ನು ಡಿಪೋದ ಫಿಟ್ಟರ್ ಹತ್ತಿರ ಕಲಿತೆ. ಇನ್ನು ಯಾರ ಕೈಯನ್ನೂ ಕಾಯಬೇಕಾಗಿಲ್ಲ.

ಫಿಟ್ಟರ್ ಕೇಳಿದ, “ಯುದ್ಧಗಿದ್ಧ ಏನಾದ್ರೂ ಆಗ್ತಿದೆಯಾ ಮೇಡಂ, ನಮಗೂ ಸ್ವಲ್ಪ ಹೇಳಿ.”

ಆಗ್ತಿದೆ. ನಿನಗೆ ಹೇಳುವಂಥದ್ದಲ್ಲ.

ಪಿಟೀಲು ತನ್ನ ಸ್ಕೂಲ್ ಪುಸ್ತಕಗಳನ್ನು ಇಡಲು ಜಾಗ ಕೇಳಿದಳು. ಹಿಂದಿನ ಕೋಣೆಯೇ ಅವಳ ಓದುವ ಕೋಣೆಯಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೋ ಅಂದೆ. ಒಂದೊಂದಾಗಿ ತಂದು ಇಟ್ಟುಕೊಂಡಳು.

ಆಗಸ್ಟ್ 19, ಶನಿವಾರ

ನಿನ್ನೆ ಪಿಟೀಲು ಬಂದಳು. ಫೋನಿನಲ್ಲಿ ಟೈಲರಮ್ಮನೊಂದಿಗೆ ಮಾತಾಡುತ್ತಿದ್ದಳು. ಬಾಗಿಲ ಹಿಂದೆ ನಿಂತು ಕೇಳಿದೆ. ನಾಚಿಕೆಯಿಲ್ಲದೆ ಕೇಳಿದೆ.

“ನೀನ್ ಊಟ ಮಾಡಿದ್ಯಾ? ಸುಳ್ ಹೇಳ್ಬೇಡ.”

ನೀನು! ಮೂರು ವರ್ಷ ‘ನೀವು’ ಅನ್ನುತ್ತಿದ್ದಳು. ಆ ಒಂದು ಅಕ್ಷರದ ದೂರದಲ್ಲಿ ನಾನು ಎಷ್ಟು ನೆಮ್ಮದಿಯಾಗಿದ್ದೆ ಎಂದು ಇವತ್ತು ಗೊತ್ತಾಗುತ್ತಿದೆ. ಬೆಳಗ್ಗೆಯಿಂದ ಎರಡು ಸಲ ಸುಮ್ಮಸುಮ್ಮನೆ ಬೈದೆ ಅವಳನ್ನು. ಒಂದು ಸಲ ಚಪ್ಪಲಿಗೆ, ಇನ್ನೊಂದು ಸಲ ಏನಕ್ಕೋ.

ಒಂದು ದಿನ ನಿಜವಾಗಿ ಏನಾದರೂ ಆಗಲಿ. ನೀರು ಬರಲಿ, ಕರೆಂಟು ಹೋಗಲಿ, ದಾರಿ ಕಟ್ಟಲಿ. ಆಗ ಅವಳು ಇಲ್ಲಿರಬೇಕು, ನನ್ನ ಹತ್ತಿರ. ನೋಡಲಿ ಯಾವ ಮನೆ ಗಟ್ಟಿ ಅಂತ. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಸೆಪ್ಟೆಂಬರ್ 6, ಬುಧವಾರ

ಎರಡು ದಿನದಿಂದ ಬಿಟ್ಟೂಬಿಡದ ಮಳೆ. ರೇಡಿಯೋದಲ್ಲಿ ಶುಕ್ರವಾರಕ್ಕೆ ಎಚ್ಚರಿಕೆ. ಕಾಲುವೆಯ ನೀರು ಸೇತುವೆಯ ಕೆಳಗಿನ ಗೆರೆ ಮುಟ್ಟಿದೆಯಂತೆ.

ಶುಕ್ರವಾರ. ಸಂಜೆಗೆ ಪಿಟೀಲು ಆ ಮನೆಗೆ ಹೋಗುವ ದಿನ. ಇಷ್ಟು ತಯಾರಿ ಮಾಡಿದ್ದು ಖಾಲಿ ಮನೆಯಲ್ಲಿ ಒಬ್ಬಳೇ ರಸ್ಕ್ ತಿನ್ನುವುದಕ್ಕಾ?

ಸೆಪ್ಟೆಂಬರ್ 8, ಶುಕ್ರವಾರ. ಮಧ್ಯಾಹ್ನ 12.40

ಕರೆದುಕೊಂಡು ಬಂದೆ.

ಡಿಪೋದಲ್ಲಿ ರಜೆ ಕೇಳಿ ಹನ್ನೊಂದೂವರೆಗೇ ಸ್ಕೂಲಿನಲ್ಲಿದ್ದೆ. ಟೀಚರ್, “ಇವತ್ತು ಚಿಕ್ಕಮ್ಮ ಬರ್ತಾರೆ ಅಂತಿದ್ಲಲ್ಲ?” ಅಂದರು. “ಪ್ಲಾನ್ ಚೇಂಜ್ ಆಗಿದೆ” ಅಂದೆ. ಅವರಿಗೂ ಮನೆ ಸೇರುವ ಗಡಿಬಿಡಿ. ಸಹಿ ಮಾಡಿಸಿಕೊಂಡು ಕಳಿಸಿದರು. ನಾವು ಗೇಟು ದಾಟುವಾಗ ಎಲ್ಲ ಮಕ್ಕಳನ್ನೂ ಬಿಡುವ ಬೆಲ್ ಹೊಡೆಯಿತು.

ದಾರಿಯಲ್ಲಿ ಕೇಳಿದಳು: “ಚಿಕ್ಕಮ್ಮಂಗೆ ಹೇಳಿದ್ಯಾ?”

“ಹೇಳ್ತೀನಿ.”

ನೀರು ಆಗಲೇ ಪಾದ ಮುಳುಗುವಷ್ಟು. ಅವಳನ್ನು ಎತ್ತಿಕೊಂಡೆ. ಹತ್ತು ವರ್ಷದವಳು, ಎಷ್ಟು ಭಾರ! ಬೇಡಮ್ಮ ಬೇಡಮ್ಮ ಅಂತ ನಗುತ್ತಿದ್ದಳು. ತುಂಬಾ ದಿನದ ಮೇಲೆ ಕೊರಳಿಗೆ ಜೋತುಬಿದ್ದಳು.

ಮಧ್ಯಾಹ್ನ 3.20

1.05ಕ್ಕೆ ಒಂದು ಕಾಲ್. 1.20ಕ್ಕೆ ಒಂದು. 1.22, 1.31, 1.40. ಎಲ್ಲ ಟೈಲರಮ್ಮನದೇ.

ಎತ್ತಲಿಲ್ಲ. ಸೈಲೆಂಟ್ ಮಾಡಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಮಳೆಯ ಸದ್ದಿಗೆ ಕೇಳಿಸಲಿಲ್ಲ ಎಂದರಾಯಿತು. ನನ್ನ ಮಗಳು ನನ್ನ ಹತ್ತಿರ ಇಲ್ಲದ ಪ್ರತಿ ಎರಡನೇ ವಾರ ನನಗೆ ಏನಾಗುತ್ತದೆ ಎಂದು ಅವಳಿಗೂ ಒಂದು ದಿನ ಗೊತ್ತಾಗಲಿ. ಒಂದೇ ಒಂದು ದಿನ.

ಎರಡೂವರೆಗೆ ಮನಸ್ಸು ಬದಲಾಯಿತು ಎಂದು ಬರೆಯಬಹುದಿತ್ತು. ಬದಲಾಗಲಿಲ್ಲ. ಮೂರಕ್ಕೆ ಟವರ್ ಹೋಯಿತು. ಫೋನು ಈಗ ಬರೀ ಗಡಿಯಾರ. ಒಂಥರಾ ಹಗುರವಾಯಿತು. ಇನ್ನು ಎತ್ತದಿರುವುದು ನನ್ನ ತಪ್ಪಲ್ಲವಲ್ಲ.

ಸೆಪ್ಟೆಂಬರ್ 9, ಶನಿವಾರ

ಕೆಳಗಿನ ಪ್ರಿಂಟಿಂಗ್ ಪ್ರೆಸ್ಸಿನ ಶಟರ್ ಅರ್ಧ ಮುಳುಗಿದೆ. ಮೆಟ್ಟಿಲಲ್ಲಿ ಐದು ನೀರಿನೊಳಗೆ. ನಾವು ಎರಡನೇ ಮಹಡಿ, ಭಯವಿಲ್ಲ. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ನಮಗೆ ಎಲ್ಲವೂ ಇದೆ. ಬೀದಿಯಲ್ಲಿ ಇವತ್ತು ಬೆಳಗ್ಗೆ ಬಿಸಿ ಹಾಲು ಕುಡಿದ ಮಗು ನನ್ನದೊಂದೇ ಇರಬೇಕು.

ಎಷ್ಟು ದಿನ ಕಾದಿದ್ದೆ ಇದಕ್ಕೆ! ಆದರೆ ಕಲ್ಪಿಸಿಕೊಂಡ ಹಾಗೆ ಇಲ್ಲ. ಅವಳು ಕಿಟಕಿಯ ಹತ್ತಿರವೇ ಇರುತ್ತಾಳೆ. ಏರಿನ ಕಡೆಯ ಕಿಟಕಿ.

ನಿನ್ನೆ ಸಂಜೆ ಟಾರ್ಚ್ ಹಿಡಿದು ಕಾರ್ಡು ಓದಿ ಸಕ್ಕರೆ ಹುಡುಕುತ್ತಿದ್ದೆ. ಹಿಂದಿನಿಂದ ಅಂದಳು, “ಚಿಕ್ಕಮ್ಮನ ಮನೇಲಾಗಿದ್ರೆ ಮೂರು ಗುಂಡಿ ಮುಟ್ಟಿದ್ರೆ ಸಾಕಿತ್ತು.”

“ಹಾಗಾದ್ರೆ ಅಲ್ಲೇ ಹೋಗು” ಅಂದೆ. ಹೋಗಲು ದಾರಿಯಿಲ್ಲದ ದಿನ ಹೇಳಿದ ಮಾತು. ಟಾರ್ಚು ಕಪಾಟಿನ ಕಡೆಗಿತ್ತು, ಅವಳ ಮುಖ ಕಾಣಿಸಲಿಲ್ಲ, ಪುಣ್ಯ.

ಇವತ್ತು ಮಧ್ಯಾಹ್ನ ಒಂದು ಚೀಟಿ ತಂದು ಕೈಗಿಟ್ಟಳು. ಇಂಡೆಂಟ್.

‘ಸಾಮಾನು — ಚಿಕ್ಕಮ್ಮನಿಗೆ ಸುದ್ದಿ. ಎಷ್ಟು — ಒಂದು. ಕಾರಣ — ಹೆದರಿರ್ತಾಳೆ.’

ಸಹಿಯ ಜಾಗಕ್ಕೆ ಗೆರೆಯನ್ನೂ ಎಳೆದಿದ್ದಳು.

“ಟವರ್ ಇಲ್ವಲ್ಲ ಕಂದಾ.”

“ಬಂದ ತಕ್ಷಣ ಕಳಿಸ್ತೀಯಾ?”

“ಕಳಿಸ್ತೀನಿ.”

ಡಿಪೋದಲ್ಲಿ ಮಾಡುವ ಹಾಗೆ ‘ಬಾಕಿ’ ಎಂದು ಬರೆದು ಸಹಿ ಹಾಕಿದೆ. ಅವಳಿಗೆ ಸಮಾಧಾನವಾಯಿತು. ಅಮ್ಮ ಸಹಿ ಹಾಕಿದ ಮೇಲೆ ಸಾಮಾನು ಬಂದೇ ಬರುತ್ತದೆ ಎಂಬ ನಂಬಿಕೆ.

ಸೆಪ್ಟೆಂಬರ್ 10, ಭಾನುವಾರ. ಮಧ್ಯಾಹ್ನ

ಹನ್ನೊಂದಕ್ಕೆ ಪೋಸ್ಟ್‌ಮನ್ ಬಂದ. ನಮ್ಮ ಬೀದಿಗೆ ಹತ್ತು ವರ್ಷದಿಂದ ಬರುವವನೇ, ಇವತ್ತು ರಕ್ಷಣಾ ಪಡೆಯವರ ರಬ್ಬರ್ ದೋಣಿಯಲ್ಲಿ. ಯಾರ ಮನೆ ಎಲ್ಲಿ ಎಂದು ಗೊತ್ತಿರುವವನು ಅವನೊಬ್ಬನೇ, ಅದಕ್ಕೆ ಕೂರಿಸಿಕೊಂಡಿದ್ದಾರೆ. ಏರಿನ ಕಡೆಯವರು ಬರೆದುಕೊಟ್ಟ ಚೀಟಿಗಳನ್ನು ಈ ಕಡೆ ಹಂಚಿ, ಉತ್ತರ ಬರೆಸಿಕೊಂಡು ಹೋಗುತ್ತಿದ್ದಾನೆ. ಮೊಣಕಾಲು ಒದ್ದೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದು, ಪ್ಲಾಸ್ಟಿಕ್ ಕವರಿನಿಂದ ಒಂದು ಚೀಟಿ ತೆಗೆದು ಕೊಟ್ಟ. ಅಳತೆ ಬರೆಯುವ ಪುಸ್ತಕದಿಂದ ಹರಿದದ್ದು. ಹಿಂದುಗಡೆ ಯಾರದೋ ಭುಜ, ಯಾರದೋ ಸೊಂಟ.

‘ಅಕ್ಕಾ, ಮಗು ನಿಮ್ಮ ಹತ್ತಿರ ಇದೆ ಅಂದುಕೊಂಡಿದ್ದೇನೆ. ಇದೆ ಅಂತ ಒಂದಕ್ಷರ ಬರೆದು ಕಳಿಸಿ. ಬೇರೇನೂ ಬೇಡ.’

ಪಿಟೀಲು ತಾರಸಿಯ ಮೇಲೆ ಬಕೆಟ್ಟಿಗೆ ಮಳೆನೀರು ಹಿಡಿಯುತ್ತಿದ್ದಳು.

“ಉತ್ತರ ಏನಾದ್ರೂ ಇದೆಯಾಮ್ಮ?” ಪೆನ್ನು ಅವನೇ ಮುಂದೆ ಹಿಡಿದ.

ಪೆನ್ನು ತೆಗೆದುಕೊಂಡೆ. ಇದು ನಿಜ. ತೆಗೆದುಕೊಂಡೆ. ಆಗ ಕಣ್ಣಿಗೆ ಬಿದ್ದದ್ದು ‘ಮಗು’ ಎಂಬ ಮಾತು. ನಿಮ್ಮ ಮಗಳು ಎಂದಿಲ್ಲ. ಮಗು. ಆ ಮನೆಯ ಮಗುವನ್ನು ನಾನು ಎರವಲು ತಂದು ಇಟ್ಟುಕೊಂಡಿರುವ ಹಾಗೆ!

“ನಾಳೆ ಕೊಡ್ತೀನಿ” ಅಂದೆ.

“ನಾಳೆ ದೋಣಿ ಬರೋದು ಗ್ಯಾರಂಟಿ ಇಲ್ಲಮ್ಮ. ಎರಡಕ್ಷರ ಬರೆದ್ರೆ…”

“ನಾಳೆ ಕೊಡ್ತೀನಿ ಅಂದ್ನಲ್ಲ.”

ನನ್ನ ಮುಖ ನೋಡಿದ. ಒಳಗೆ ಇಣುಕಿದ. ಮನೆ ನಿಶ್ಶಬ್ದ. ಪೆನ್ನು ವಾಪಸ್ ತೆಗೆದುಕೊಂಡು ಇಳಿದುಹೋದ.

ಹದಿನಾಲ್ಕು ದಿನಕ್ಕೆ ಎಲ್ಲ ಇದೆ ನನ್ನ ಹತ್ತಿರ. ಒಂದಕ್ಷರ ಕೊಡಲು ಆಗಲಿಲ್ಲ.

ಪಿಟೀಲು ಕೆಳಗಿಳಿದು ಬಂದು ಕೇಳಿದಳು, ಯಾರು ಬಂದಿದ್ದು ಅಂತ. “ಯಾರೂ ಇಲ್ಲ, ದೋಣಿಯವರು ಸುಮ್ನೆ ವಿಚಾರಿಸೋಕೆ ಬಂದಿದ್ರು.” ಚೀಟಿ ಈಗ ಒಲೆಯ ಕೆಳಗಿದೆ.

ಸೆಪ್ಟೆಂಬರ್ 11, ಸೋಮವಾರ. ಬೆಳಗ್ಗೆ 9

ಉತ್ತರ ಬರೆದಿಟ್ಟಿದ್ದೇನೆ. ‘ಇದ್ದಾಳೆ. ಚೆನ್ನಾಗಿದ್ದಾಳೆ.’ ಆರು ಗಂಟೆಯಿಂದ ಕಾಯುತ್ತಿದ್ದೇನೆ. ದೋಣಿ ಇಲ್ಲ. ನೀರಿನ ಸೆಳೆತ ಜಾಸ್ತಿ, ಕಾಯಿಲೆಯವರನ್ನೂ ಕೂಸುಗಳನ್ನೂ ಬಿಟ್ಟು ಬೇರೆ ಯಾವುದಕ್ಕೂ ದೋಣಿ ಬಿಡುವುದಿಲ್ಲವೆಂದು ಎದುರು ತಾರಸಿಯವರು ಕೂಗಿ ಹೇಳಿದರು.

ನಿನ್ನೆ ಎರಡಕ್ಷರ ಬರೆದಿದ್ದರೆ ನಿನ್ನೆಯೇ ತಲುಪುತ್ತಿತ್ತು.

ಸಂಜೆ 6

ಬಂದಳು.

ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದು. ತೆಗೆದರೆ ಟೈಲರಮ್ಮ. ಎದೆಯವರೆಗೆ ಕೆಸರು. ಕೂದಲು ಮುಖಕ್ಕೆ ಅಂಟಿದೆ. ಕಾಲಲ್ಲಿ ಚಪ್ಪಲಿಯಿಲ್ಲ, ಎಡಪಾದದಿಂದ ರಕ್ತ. ಚೀಲವಿಲ್ಲ, ಟಾರ್ಚಿಲ್ಲ, ಒಂದು ಬಾಟಲಿ ನೀರೂ ಇಲ್ಲ. ನನ್ನ ತಲೆಗೆ ಮೊದಲು ಬಂದದ್ದು ಏನೆಂದು ಪ್ರಾಮಾಣಿಕವಾಗಿ ಬರೆಯುತ್ತೇನೆ: ಫಸ್ಟ್ ಪ್ರೈಜಿನ ತಯಾರಿ ಇಷ್ಟೇನಾ!

ನನ್ನನ್ನು ಅವಳು ನೋಡಲೇ ಇಲ್ಲ. ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. ಹಿಂದಿನಿಂದ “ಚಿಕ್ಕಮ್ಮಾ!” ಎಂಬ ಕೂಗು. ಆಮೇಲೆ ಟೈಲರಮ್ಮ ಬಾಗಿಲಲ್ಲೇ ಕುಸಿದು ಕೂತಳು. ಕಾಲು ತಪ್ಪಿ ಬಿದ್ದ ಹಾಗಲ್ಲ. ಕಾಲಲ್ಲಿ ಇದ್ದದ್ದೆಲ್ಲ ಮುಗಿದುಹೋದ ಹಾಗೆ. ಪಿಟೀಲು ಕೆಸರಿನ ಮೇಲೇ ಅಪ್ಪಿಕೊಂಡಳು. ಟೈಲರಮ್ಮ ಅವಳ ಮುಖ, ತೋಳು, ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ನಾನು ಪಕ್ಕದಲ್ಲಿ ನಿಂತಿದ್ದೆ. ನನ್ನದೇ ಮನೆಯ ಬಾಗಿಲಲ್ಲಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ.

ಆಗ ಪಿಟೀಲು ಕೇಳಿದಳು: “ಚಿಕ್ಕಮ್ಮ, ನಿಂಗೆ ಸುದ್ದಿ ಸಿಗ್ಲಿಲ್ವಾ? ಅಮ್ಮ ಕಳಿಸ್ತೀನಿ ಅಂದಿದ್ಲು. ಇಂಡೆಂಟ್ ಕೂಡ ಕೊಟ್ಟಿದ್ದೆ.”

ಟೈಲರಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಮೊದಲ ಸಲ. ಎಷ್ಟು ಹೊತ್ತು ನೋಡಿದಳೋ. ಅವಳಿಗೆ ಎಲ್ಲ ಗೊತ್ತಿದೆ ಎಂದು ಆ ನೋಟದಲ್ಲೇ ಗೊತ್ತಾಯಿತು.

“ಸಿಕ್ತು ಪುಟಾಣಿ” ಅಂದಳು. “ಸುದ್ದಿ ಸಿಕ್ತು. ಅಮ್ಮ ಕಳಿಸಿದ್ರು. ಆದ್ರೂ ನಿನ್ನ ನೋಡ್ಬೇಕು ಅನ್ನಿಸ್ತು, ಬಂದೆ.”

ಅದೇ ದಿನ, ಸಂಜೆ 7

ಉಳಿದದ್ದನ್ನೂ ಬರೆಯುತ್ತೇನೆ. ಅವಳು ಬಂದ ಕೂಡಲೇ, ಪಿಟೀಲು ಅವಳಿಗೆ ನನ್ನ ಬಟ್ಟೆ ಹುಡುಕುತ್ತಿರುವಾಗ ಅಡುಗೆಮನೆಯಲ್ಲಿ ಅವಳ ಕಾಲು ತೊಳೆದೆ. ತಗಡು ಕುಯ್ದಿದೆ, ಎರಡು ಇಂಚು. ಫಸ್ಟ್ ಏಡ್ ಡಬ್ಬಿಯ ಸೀಲ್ ಒಡೆದೆ. ಔಷಧಿ ಹಚ್ಚಿದಾಗ ಹಲ್ಲು ಕಚ್ಚಿದಳು.

“ಬುದ್ಧಿ ಇದೆಯಾ ನಿನಗೆ? ಈಜು ಬರಲ್ಲ, ಏನಿಲ್ಲ. ಮನೇಲಿ ಬೆಚ್ಚಗೆ ಕೂತಿರೋದು ಬಿಟ್ಟು…”

ಮೂರು ವರ್ಷದಿಂದ ಅವಳನ್ನು ‘ನೀವು’ ಎಂದು ದೂರ ಇಟ್ಟಿದ್ದವಳು ನಾನು. ಇವತ್ತು ಬೈಯುವ ಭರದಲ್ಲಿ ಬಾಯಿ ತಪ್ಪಿತು.

“ನಿನ್ನೆ ರಾತ್ರಿ ಪೋಸ್ಟ್‌ಮನ್ ಬಂದು ಹೇಳಿದ್ರು ಅಕ್ಕಾ. ಚೀಟಿ ಕೊಟ್ಟೆ, ಆಯಮ್ಮ ಪೆನ್ನು ತಗೊಂಡ್ರು, ಬರೀಲಿಲ್ಲ, ಮುಖ ಒಂಥರಾ ಇತ್ತು, ಮಗು ಎಲ್ಲೂ ಕಾಣಿಸ್ಲಿಲ್ಲ ಅಂತ.” ಅವಳ ಧ್ವನಿ ಮೆತ್ತಗಿತ್ತು. “ಸ್ಕೂಲಿಗೆ ಹೋದ್ರೆ ಗೇಟಿಗೆ ಬೀಗ. ನೀವು ಫೋನ್ ಎತ್ತಲಿಲ್ಲ. ಆಮೇಲೆ ಇದು. ತಾಯಿ ಆದವಳಿಗೆ ‘ಇದೆ’ ಅಂತ ಬರೆಯೋಕೆ ಕೈ ಬರ್ಲಿಲ್ಲ ಅಂದ್ರೆ ಏನು ಅರ್ಥ? ನೀವೇ ಹೇಳಿ.”

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವಳು ಒಂದು ದಿನ ಚಡಪಡಿಸಲಿ ಎಂದುಕೊಂಡಿದ್ದೆ, ಅಷ್ಟೇ. ನನ್ನ ಮೌನ ಅವಳಿಗೆ ನನ್ನ ಮಗಳ ಸಾವಿನ ಸುದ್ದಿಯಾಗಿ ಮುಟ್ಟಿತ್ತು. ಬೆಳಗ್ಗೆ ಹತ್ತಕ್ಕೆ ಹೊರಟಿದ್ದಾಳೆ. ಸೇತುವೆಗೆ ಕಟ್ಟಿದ್ದ ಹಗ್ಗ ಹಿಡಿದು, ಆಮೇಲೆ ಕಾಂಪೌಂಡ್ ಗೋಡೆಗಳನ್ನು ಹಿಡಿದು. ದೋಣಿಯವರು ಹತ್ತಿಸಿಕೊಳ್ಳಲಿಲ್ಲವಂತೆ. ಇಪ್ಪತ್ತು ನಿಮಿಷದ ದಾರಿಗೆ ಆರು ಗಂಟೆ.

“ಅವಳಿಗೆ ಯಾಕೆ ಸುಳ್ಳು ಹೇಳಿದೆ?” ಅಂದೆ.

“ಮತ್ತೇನ್ ಹೇಳ್ಲಿ? ನಿಮ್ಮಮ್ಮ ಬೇಕಂತಲೇ ಹೇಳಲಿಲ್ಲ ಅಂತಲಾ?” ಈಗ ಮೆತ್ತಗಿರಲಿಲ್ಲ. “ನನ್ನ ಕಂಡ್ರೆ ನಿಮಗಾಗಲ್ಲ, ಗೊತ್ತು ನಂಗೆ. ಅವಳಿಗೆ ಗೊತ್ತಾಗೋದು ಬೇಡ. ಆದ್ರೆ ಇನ್ನೊಂದ್ಸಲ ಹೀಗ್ ಮಾಡಿದ್ರೆ ಅಕ್ಕಾ, ನಾನು ಸುಮ್ನಿರಲ್ಲ.”

ಬೈದದ್ದು ಒಳ್ಳೆಯದಾಯಿತು. ಬೈಯದೆ ಹೋಗಿದ್ದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಬ್ಯಾಂಡೇಜ್ ಸುತ್ತುವಾಗ ಹಿಂದಿನ ಕೋಣೆಯತ್ತ ಕತ್ತು ಚಾಚಿ ನೋಡಿದಳು. “ಇದು ಮನೆಯಾ, ಡಿಪೋನಾ?” ಅಂದಳು. ಈಗಷ್ಟೇ ಬೈದವಳು ನಕ್ಕುಬಿಟ್ಟಳು. “ಪುಟಾಣಿ ನಮ್ಮನೆಗೆ ಬಂದಾಗೆಲ್ಲ ಇದೇ ಮಾತು. ನಮ್ಮಮ್ಮನ ಸ್ಟೋರಲ್ಲಿ ಸಾವಿರಾರು ಸಾಮಾನು, ಒಂದೂ ತಪ್ಪಲ್ಲ, ನಮ್ಮಮ್ಮ ಹಾಗೆ, ನಮ್ಮಮ್ಮ ಹೀಗೆ. ಕೇಳಿ ಕೇಳಿ ನಂಗೆ ಹೊಟ್ಟೆ ಉರೀತಿತ್ತು. ಅದಕ್ಕೇ ಆ ಕಪಾಟು ಶುರು ಮಾಡ್ದೆ, ನನ್ನ ಬಗ್ಗೇನೂ ಒಂದ್ ಮಾತು ಆಡ್ಲಿ ಅಂತ.”

ಇದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಅವಳ ಹೊಟ್ಟೆಕಿಚ್ಚು ಗುಂಡಿ ಹೊಲಿಯಿತು. ನನ್ನದು ಏನು ಮಾಡಿತು?

ಸೆಪ್ಟೆಂಬರ್ 12, ಮಂಗಳವಾರ. ಬೆಳಗ್ಗೆ 5.50

ನೀರು ಎರಡು ಮೆಟ್ಟಿಲು ಇಳಿದಿದೆ. ಬೆಳಕಾಗುತ್ತಿದೆ.

ಮೂವರಿಗೆ ಲೆಕ್ಕ ಹಾಕಿದೆ. ಇರುವುದು ಇನ್ನು ಏಳು ದಿನಕ್ಕೆ ಬರುತ್ತದೆ, ಧಾರಾಳ.

ಇಬ್ಬರೂ ನನ್ನ ಹಾಸಿಗೆಯಲ್ಲಿ ಮಲಗಿದ್ದಾರೆ. ಪಿಟೀಲಿನ ಕಾಲು ಟೈಲರಮ್ಮನ ಹೊಟ್ಟೆಯ ಮೇಲೆ. ಮಲಗುವಾಗ ನಡುವೆ ಮಲಗಿದ್ದಳು. ನಿದ್ದೆಯಲ್ಲಿ ಅತ್ತ ಹೊರಳಿದಳು. ನೋಡಿದರೆ ಈಗಲೂ ಚುರುಕ್ ಎನ್ನುತ್ತದೆ. ಒಂದು ರಾತ್ರಿಗೆ ಹೋಗುವಂಥದ್ದಲ್ಲ ಇದು.

ನಿನ್ನೆ ಮಲಗುವ ಮೊದಲು ಪಿಟೀಲು ಬಂದು ನನ್ನ ಸೊಂಟ ತಬ್ಬಿ ನಿಂತಳು. ಮುಖ ಒತ್ತಿಕೊಂಡೇ ಅಂದಳು, “ಸುದ್ದಿ ಕಳಿಸಿದ್ದಕ್ಕೆ ಥ್ಯಾಂಕ್ಸ್ ಅಮ್ಮಾ. ನೀನು ಕಳಿಸಲ್ವೇನೋ ಅಂದ್ಕೊಂಡಿದ್ದೆ. ಸಾರಿ.”

ಸಾರಿ ಅಂದಳು. ಅವಳು. ನನಗೆ.

ಎಷ್ಟು ತಿಂಗಳಿಂದ ಬೇಕಾಗಿತ್ತು ಈ ಅಪ್ಪುಗೆ. ಸಿಕ್ಕಿತು. ಟೈಲರಮ್ಮ ಕೊಡಿಸಿದ್ದು. ಅವಳ ಸುಳ್ಳಿನಿಂದ ಬಂದದ್ದು. ಇಟ್ಟುಕೊಳ್ಳಲೂ ಆಗದು, ವಾಪಸ್ ಕೊಡಲೂ ಆಗದು. ಬೆಳಗಿನ ಜಾವದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಟೈಲರಮ್ಮ ಬಾಯಿ ಬಿಡುವವಳಲ್ಲ. ಪಿಟೀಲು ದೊಡ್ಡವಳಾಗಿ, ಆ ಪ್ರವಾಹದಲ್ಲಿ ನಮ್ಮಮ್ಮ ಹೇಗೆ ನಿಭಾಯಿಸಿದ್ದಳು ಅಂತ ಕತೆ ಹೇಳುತ್ತಾಳೆ. ಅವಳು ಹಾಗೆ ಹೇಳುವಾಗಲೆಲ್ಲ ನಾನು ಪಕ್ಕದಲ್ಲಿ ಕೂತಿರಬೇಕು.

ಹೇಳಿದರೆ ಏನಾಗುತ್ತದೆ? ನಿನ್ನ ವಾರವೂ ಅಲ್ಲೇ ಇರುತ್ತೇನೆ ಅನ್ನಬಹುದು. ಅಂದರೆ ಇಲ್ಲವೆನ್ನಲು ನನಗೆ ಬಾಯಿಲ್ಲ. ಅದೇ ಭಯ. ಇಡೀ ಕೋಣೆ ತುಂಬಿಸಿದ್ದು ಆ ಒಂದು ಭಯಕ್ಕೆ.

ಆದರೂ ಹೇಳಬೇಕು. ಟೈಲರಮ್ಮ ಏಳುವ ಮೊದಲೇ. ಎದ್ದರೆ ಮತ್ತೆ ಅಡ್ಡ ಬಂದು ನನ್ನನ್ನು ಕಾಪಾಡುತ್ತಾಳೆ, ಅದನ್ನಂತೂ ನನ್ನಿಂದ ಸಹಿಸಲಾಗದು.

ಪಿಟೀಲು ಎದ್ದಳು. ಕಣ್ಣುಜ್ಜುತ್ತಾ ಕೂತಿದ್ದಾಳೆ, ನನ್ನನ್ನು ಹುಡುಕುತ್ತಿದ್ದಾಳೆ. ತಾರಸಿಗೆ ಕರೆದುಕೊಂಡು ಹೋಗುತ್ತೇನೆ. ಮೊದಲ ಮಾತು ಸಿದ್ಧವಿದೆ — ಪೋಸ್ಟ್‌ಮನ್ ಭಾನುವಾರವೇ ಬಂದಿದ್ದ, ನಾನು ಬೇಕೆಂದೇ ಬರೆಯಲಿಲ್ಲ. ಎರಡನೆಯದು ಅಲ್ಲೇ ಸಿಗಬೇಕು.